ಎಚ್‌ಎಎಲ್ ಗೇಟಿನ ಹಿಂದೆ ಒಂದು ಹಡಗಿನ ಕಥೆ: ವಾಲ್‌ಚಂದ್ ಹೀರಾಚಂದ್ ಯಾಕೆ ನೆನಪಾಗಬೇಕು?

ಎಂಜಿನಿಯರಿಂಗ್ ಮುಗಿಸಿ ಸೇರಿದ ಮೊದಲ ಕೆಲಸದಲ್ಲಿ ನಾನು ಎರಡು ವರ್ಷ ಹಡಗುಗಳ ಜೊತೆಗಿದ್ದೆ. ಸಮುದ್ರದಲ್ಲಲ್ಲ, ವೈಟ್‌ಫೀಲ್ಡ್‌ನ ಒಂದು ಟೆಕ್ ಪಾರ್ಕಿನ ನಾಲ್ಕನೇ ಮಹಡಿಯಲ್ಲಿ. ನಮ್ಮ ಗ್ರಾಹಕ ಯಾವುದೋ ದ್ವೀಪ ದೇಶದ ಹಡಗು ಕಂಪನಿ. ಒಂದು ದ್ವೀಪದಿಂದ ಇನ್ನೊಂದಕ್ಕೆ ಜನ, ಅಕ್ಕಿ ಮೂಟೆ, ಸಿಮೆಂಟು, ಮೋಟಾರ್ ಬೈಕು ಸಾಗಿಸೋದು ಅವರ ಕೆಲಸ. ಟಿಕೆಟ್ ಮತ್ತು ಸರಕಿನ ಬುಕಿಂಗ್‌ಗೆ ಕೋಡ್ ಬರೆಯೋದು ನಮ್ಮ ಕೆಲಸ. ನಮ್ಮ ಸರ್ವರ್ ಒಂದು ಗಂಟೆ ನಿಂತರೆ ಅಲ್ಲೆಲ್ಲೋ ಒಂದು ದ್ವೀಪದಲ್ಲಿ ತರಕಾರಿ ಇಳಿಯೋದು ತಡವಾಗುತ್ತೆ ಅಂತ ಗೊತ್ತಿತ್ತು. ಆ ಹಡಗುಗಳನ್ನಾಗಲಿ ಆ ದ್ವೀಪಗಳನ್ನಾಗಲಿ ನಾನು ಇವತ್ತಿನವರೆಗೂ ನೋಡಿಲ್ಲ.

ಆಗ ದಿನಾ ಬಸ್ಸಿನಲ್ಲಿ ಹಳೇ ವಿಮಾನ ನಿಲ್ದಾಣ ರಸ್ತೆ ಹಿಡಿದು ಹೋಗುತ್ತಿದ್ದೆ. ಎಚ್‌ಎಎಲ್ ಕಾಂಪೌಂಡು ಮುಗಿಯುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತಿತ್ತು. ಆ ಕಾಂಪೌಂಡಿನ ಒಳಗಿರುವ ಕಾರ್ಖಾನೆಯನ್ನು ಶುರು ಮಾಡಿದವರು ಒಬ್ಬ ಹಡಗಿನ ಸಾಹುಕಾರ ಅನ್ನೋದು ನನಗೆ ಗೊತ್ತಾಗಿದ್ದು ಕೆಲಸ ಬಿಟ್ಟು ಪತ್ರಕರ್ತನಾದ ಮೇಲೆ. ನಾಲ್ಕು ವರ್ಷದ ಎಂಜಿನಿಯರಿಂಗ್‌ನಲ್ಲಿ ಆ ಹೆಸರು ಒಂದೇ ಒಂದು ಸಲ ಕಿವಿಗೆ ಬಿದ್ದಿತ್ತು, ಅದೂ ಸಾಂಗ್ಲಿಯ ಒಂದು ಕಾಲೇಜಿನ ಹೆಸರಾಗಿ. ವಾಲ್‌ಚಂದ್ ಕಾಲೇಜ್ ಆಫ್ ಎಂಜಿನಿಯರಿಂಗ್.

ವಾಲ್‌ಚಂದ್ ಹೀರಾಚಂದ್ ತೀರಿಕೊಂಡು ಎಪ್ಪತ್ತು ವರ್ಷ ದಾಟಿದೆ. ಹಡಗು, ವಿಮಾನ, ಕಾರು ಮೂರನ್ನೂ ಈ ನೆಲದಲ್ಲೇ ಮಾಡಬೇಕು, ಈ ನೆಲದವರೇ ಓಡಿಸಬೇಕು ಅಂತ ಹಟ ಹಿಡಿದ ಮನುಷ್ಯ ಅವರು. ಅವರ ಬದುಕನ್ನು ಸ್ವದೇಶಿ ವೀರಗಾಥೆಯಾಗಿ ಹೇಳೋದು ಸುಲಭ. ನನಗೆ ಅದರಲ್ಲಿ ಕಾಣೋದು ಬೇರೆ. ಸರಕು ಯಾರದ್ದಾದರೂ ಇರಲಿ, ಅದನ್ನು ಸಾಗಿಸುವ ಗಾಡಿ ಯಾರದು ಅನ್ನೋದರ ಮೇಲೆ ಲಾಭ ಯಾರಿಗೆ ಅನ್ನೋದು ನಿಂತಿರುತ್ತೆ. ಈ ಒಂದು ಪಾಠವನ್ನು ಅವರು ಜೀವನವಿಡೀ ಕಲಿತರು, ಪದೇಪದೇ ಸೋತು ಕಲಿತರು.

ಸೊಲ್ಲಾಪುರದ ಗುತ್ತಿಗೆದಾರ

ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ನಮ್ಮ ಪಾಲಿಗೆ ಅದು ಸೊನ್ನಲಿಗೆ, ಕೆರೆ ಕಟ್ಟಿಸಿದ ಸಿದ್ಧರಾಮನ ಊರು. ಇವತ್ತಿಗೂ ಮರಾಠಿ, ಕನ್ನಡ, ತೆಲುಗು ಮೂರೂ ಕೇಳುವ ಪೇಟೆ. ವಾಲ್‌ಚಂದರ ಮನೆತನ ಗುಜರಾತಿನ ವಾಂಕಾನೇರ್ ಕಡೆಯಿಂದ ದಖನ್ನಿಗೆ ಬಂದ ದಿಗಂಬರ ಜೈನರದು. ಲೇವಾದೇವಿ ಮತ್ತು ಹತ್ತಿ ವ್ಯಾಪಾರ ಮನೆ ಕಸುಬು. ಹುಡುಗ ಸೊಲ್ಲಾಪುರದಲ್ಲಿ ಮೆಟ್ರಿಕ್ ಮುಗಿಸಿ ಮುಂಬೈ, ಪುಣೆಯ ಕಾಲೇಜು ಮೆಟ್ಟಿಲು ಹತ್ತಿದ. ಡಿಗ್ರಿ ಮುಗಿಸಲಿಲ್ಲ. ಮನೆಗೆ ಬಂದು ಅಂಗಡಿಯಲ್ಲಿ ಕೂತ, ಆದರೆ ಬಡ್ಡಿ ಲೆಕ್ಕ ಬರೆಯೋದು ರುಚಿಸಲಿಲ್ಲ.

ದಾರಿ ತೋರಿಸಿದವರು ಲಕ್ಷ್ಮಣರಾವ್ ಫಾಟಕ್ ಅನ್ನುವ ಒಬ್ಬ ಮಾಜಿ ರೈಲ್ವೆ ಗುಮಾಸ್ತ. ಅವರಿಗೆ ಕೆಲಸ ಗೊತ್ತು, ಬಂಡವಾಳ ಇಲ್ಲ. ಇವರ ಮನೆಯಲ್ಲಿ ಬಂಡವಾಳ ಇದೆ, ಕೆಲಸ ಗೊತ್ತಿಲ್ಲ. ಇಬ್ಬರೂ ಸೇರಿ ಬಾರ್ಶಿ ಲೈಟ್ ರೈಲ್ವೆಯ ಒಂದು ತುಂಡು ದಾರಿಯ ಗುತ್ತಿಗೆ ಹಿಡಿದರು. ಅಲ್ಲಿಂದ ಶುರುವಾದ ಕಟ್ಟುವ ಹುಚ್ಚು ಬಿಡಲಿಲ್ಲ. ಮುಂಬೈ–ಪುಣೆ ಮಾರ್ಗದ ಭೋರ್ ಘಾಟಿಯ ಸುರಂಗಗಳು, ಮುಂಬೈಗೆ ನೀರು ತರುವ ತಾನ್ಸಾ ಕೊಳವೆ ಮಾರ್ಗ ಎಲ್ಲದರಲ್ಲೂ ವಾಲ್‌ಚಂದರ ಕೈಯಿದೆ. 1926ರಲ್ಲಿ ಶುರುವಾದ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ, ಅಂದರೆ ಈಗಿನ ಎಚ್‌ಸಿಸಿ, ಅವರದ್ದೇ. ಸೇತುವೆಗೋ ಅಣೆಕಟ್ಟಿಗೋ ಆ ಹೆಸರಿನ ಬೋರ್ಡು ನೀವು ನೋಡಿರುತ್ತೀರಿ.

ಗುತ್ತಿಗೆದಾರನಿಗೆ ಒಂದು ಸತ್ಯ ಬೇಗ ಗೊತ್ತಾಗುತ್ತೆ. ಸಿಮೆಂಟು, ಕಬ್ಬಿಣ, ಕಲ್ಲಿನ ಬೆಲೆಯಷ್ಟೇ ಮುಖ್ಯ ಅದನ್ನು ತಂದು ಸುರಿಯುವ ಖರ್ಚು. ಮೊದಲ ಮಹಾಯುದ್ಧದ ಕಾಲಕ್ಕೆ ಆ ಖರ್ಚು ಆಕಾಶಕ್ಕೆ ಏರಿತ್ತು. ಹಡಗುಗಳು ಯುದ್ಧಕ್ಕೆ ಹೋಗಿದ್ದವು, ಉಳಿದಿದ್ದಕ್ಕೆ ಮಾಲೀಕರು ಹೇಳಿದ್ದೇ ಬೆಲೆ. ಭಾರತದ ಹತ್ತಿ, ಸೆಣಬು, ಅಕ್ಕಿ ಭಾರತದ್ದೇ ಬಂದರಿನಿಂದ ಹೊರಟರೂ ಬಾಡಿಗೆ ಮಾತ್ರ ಲಂಡನ್ನಿನ ಲೆಕ್ಕಕ್ಕೆ ಸೇರುತ್ತಿತ್ತು.

ಹಳೇ ಹಡಗು, ಹೊಸ ಕಂಪನಿ

1919ರಲ್ಲಿ ಗ್ವಾಲಿಯರ್‌ನ ಸಿಂಧಿಯಾ ಮಹಾರಾಜರ ಒಂದು ಹಡಗು ಮಾರಾಟಕ್ಕಿತ್ತು. ಹೆಸರು ಲಾಯಲ್ಟಿ. 1891ರಲ್ಲಿ ಬ್ರಿಟನ್‌ನಲ್ಲಿ ಕಟ್ಟಿದ್ದು. ಎಂಪ್ರೆಸ್ ಆಫ್ ಇಂಡಿಯಾ ಅನ್ನುವ ಹೆಸರಿನಲ್ಲಿ ಕೆನಡಾದ ಕಂಪನಿಯೊಂದಕ್ಕಾಗಿ ಪೆಸಿಫಿಕ್ ಸಾಗರದಲ್ಲಿ ಓಡಿ, ಯುದ್ಧದಲ್ಲಿ ಆಸ್ಪತ್ರೆ ಹಡಗಾಗಿ ಸವೆದಿತ್ತು. ರೈಲು ಪ್ರಯಾಣದಲ್ಲಿ ಸಿಕ್ಕ ಪರಿಚಿತನೊಬ್ಬ ಈ ಸುದ್ದಿ ಹೇಳಿದ ಅನ್ನೋದು ವಾಲ್‌ಚಂದರ ಜೀವನಚರಿತ್ರೆಗಳಲ್ಲಿ ಬರುವ ಕಥೆ. ಅಲ್ಲಿಗೆ ಅವರ ತಲೆಯಲ್ಲಿ ಹಡಗು ಹತ್ತಿ ಕೂತಿತು.

ಮುಂಬೈನ ನರೋತ್ತಮ್ ಮೊರಾರ್ಜಿ, ಕಿಲಾಚಂದ್ ದೇವಚಂದ್, ಲಲ್ಲೂಭಾಯಿ ಸಾಮಲದಾಸ್ ಜೊತೆ ಸೇರಿ ಹಡಗು ಕೊಂಡರು. 1919ರ ಮಾರ್ಚ್ 27ರಂದು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ನೋಂದಣಿಯಾಯಿತು. ಏಪ್ರಿಲ್ 5ರಂದು ಲಾಯಲ್ಟಿ ಮುಂಬೈನಿಂದ ಯುರೋಪಿನ ಕಡೆ ಹೊರಟಿತು. ವಾಲ್‌ಚಂದ್ ಆ ಹಡಗಿನಲ್ಲೇ ಇದ್ದರು. ನಾವು ಪ್ರತಿವರ್ಷ ಏಪ್ರಿಲ್ 5ನ್ನು ರಾಷ್ಟ್ರೀಯ ಕಡಲಯಾನ ದಿನ ಅಂತ ಆಚರಿಸೋದು ಇದೇ ಕಾರಣಕ್ಕೆ.

ಆಚರಣೆಯ ಭಾಷಣಗಳಲ್ಲಿ ಹೇಳದೇ ಬಿಡುವ ಭಾಗ ಇಲ್ಲಿದೆ. ಲಾಯಲ್ಟಿ ವ್ಯವಹಾರದಲ್ಲಿ ಸೋತಿತು. ಅದರ ವಯಸ್ಸಾಗಿತ್ತು, ರಿಪೇರಿ ಖರ್ಚು ವಿಪರೀತ, ಪ್ರಯಾಣಿಕರ ಹಡಗು ನಡೆಸುವ ಅನುಭವ ಯಾರಿಗೂ ಇರಲಿಲ್ಲ. 1923ರಲ್ಲಿ ಅದು ಗುಜರಿ ಸೇರಿತು. ಸ್ಟಾರ್ಟಪ್ ಭಾಷೆಯಲ್ಲಿ ಹೇಳೋದಾದರೆ ಮೊದಲ ಪ್ರಾಡಕ್ಟ್ ಫೇಲ್. ಆದರೆ ಅಷ್ಟರಲ್ಲಿ ಕಂಪನಿ ಬ್ರಿಟನ್‌ನಲ್ಲಿ ಸರಕು ಹಡಗುಗಳನ್ನು ಕೊಂಡು, ಕಣ್ಣನ್ನು ಯುರೋಪಿನಿಂದ ತಿರುಗಿಸಿ ನಮ್ಮದೇ ಕರಾವಳಿಯ ಮೇಲೆ ಇಟ್ಟಿತ್ತು. ಬರ್ಮಾದ ಅಕ್ಕಿ ಮುಂಬೈಗೆ, ಬಂಗಾಳದ ಕಲ್ಲಿದ್ದಲು ಪಶ್ಚಿಮಕ್ಕೆ, ಬಂದರಿನಿಂದ ಬಂದರಿಗೆ. ಹೊಳಪಿಲ್ಲದ ಕೆಲಸ, ಆದರೆ ಪ್ರತಿದಿನದ ಕೆಲಸ. ನಿಜವಾದ ಜಗಳ ಕಾದಿದ್ದು ಅಲ್ಲೇ.

ಬೆಲೆ ಇಳಿಸಿ ಕೊಲ್ಲುವ ವಿದ್ಯೆ

ಆ ಕರಾವಳಿಯ ಯಜಮಾನ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ, ಚಿಕ್ಕದಾಗಿ ಬಿಐ. ಅದರ ಮುಖ್ಯಸ್ಥ ಲಾರ್ಡ್ ಇಂಚ್‌ಕೇಪ್. 1914ರಲ್ಲಿ ಪಿ ಅಂಡ್ ಒ ಕಂಪನಿಯೊಂದಿಗೆ ಬಿಐ ಒಂದಾದ ಮೇಲೆ ಅದರ ಎದುರು ನಿಲ್ಲುವವರೇ ಇರಲಿಲ್ಲ. ನಿಂತವರ ಗತಿ ಏನಾಯಿತು ಅಂತ ಎಲ್ಲರಿಗೂ ಗೊತ್ತಿತ್ತು.

1906ರಲ್ಲಿ ತೂತ್ತುಕುಡಿಯ ವಿ.ಒ. ಚಿದಂಬರಂ ಪಿಳ್ಳೈ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ಕಟ್ಟಿ ತೂತ್ತುಕುಡಿ–ಕೊಲಂಬೊ ನಡುವೆ ಹಡಗು ಬಿಟ್ಟಿದ್ದರು. ಬಿಐ ಟಿಕೆಟ್ ದರ ಇಳಿಸುತ್ತಾ ಹೋಯಿತು. ಕೊನೆಗೆ ಪುಕ್ಕಟೆ ಪ್ರಯಾಣ, ಮೇಲೊಂದು ಛತ್ರಿ ಉಡುಗೊರೆ ಅನ್ನುವಲ್ಲಿಗೆ ಬಂತು. 1908ರಲ್ಲಿ ಸರ್ಕಾರ ಪಿಳ್ಳೈಯವರನ್ನು ರಾಜದ್ರೋಹದ ಮೇಲೆ ಜೈಲಿಗೆ ಹಾಕಿತು. ಕಂಪನಿ ಮುಳುಗಿತು. ಅದಕ್ಕೂ ಮೊದಲು 1890ರ ದಶಕದಲ್ಲಿ ಜೆಮ್ಷೆಡ್‌ಜಿ ಟಾಟಾ ಜಪಾನಿನ ಕಂಪನಿಯೊಂದಿಗೆ ಕೈಜೋಡಿಸಿ ಹಡಗು ಓಡಿಸಲು ಹೋಗಿ ಇದೇ ದರ ಸಮರದಲ್ಲಿ ಕೈಚೆಲ್ಲಿದ್ದರು.

ದರ ಇಳಿಸೋದರ ಜೊತೆ ಇನ್ನೊಂದು ಸೂಕ್ಷ್ಮ ಆಯುಧವಿತ್ತು. ವ್ಯಾಪಾರಿ ಕೊಟ್ಟ ಬಾಡಿಗೆಯಲ್ಲಿ ಒಂದು ಪಾಲನ್ನು ಕಂಪನಿ ಕೆಲವು ತಿಂಗಳ ನಂತರ ವಾಪಸ್ ಕೊಡುತ್ತಿತ್ತು. ಷರತ್ತು ಒಂದೇ, ಆ ಅವಧಿಯಲ್ಲಿ ಒಂದು ಮೂಟೆಯನ್ನೂ ಬೇರೆ ಕಂಪನಿಯ ಹಡಗಿಗೆ ಹಾಕಿರಬಾರದು. ಹಾಕಿದರೆ ಅಷ್ಟೂ ತಿಂಗಳ ರಿಯಾಯಿತಿ ಖೋತಾ. ಇವತ್ತಿನ ಆ್ಯಪ್‌ಗಳ ಕ್ಯಾಶ್‌ಬ್ಯಾಕ್ ನೋಡಿದವರಿಗೆ ಇದು ಅರ್ಥವಾಗುತ್ತೆ. ನಿಮ್ಮ ದುಡ್ಡನ್ನೇ ಒತ್ತೆ ಇಟ್ಟುಕೊಂಡು ನಿಮ್ಮ ನಿಷ್ಠೆ ಕೊಳ್ಳುವ ಉಪಾಯ.

ಸಿಂಧಿಯಾ ಕರಾವಳಿಗೆ ಇಳಿದ ಕೂಡಲೇ ಬಿಐ ಅಕ್ಕಿಯ ಬಾಡಿಗೆಯನ್ನು ಪಾತಾಳಕ್ಕೆ ಇಳಿಸಿತು. ಸಿಂಧಿಯಾದ ಹಡಗು ಪ್ರತಿ ಪ್ರಯಾಣದಲ್ಲೂ ನಷ್ಟ ಹೊತ್ತು ಬರುತ್ತಿತ್ತು. 1922ರ ಕೊನೆಗೆ ಇಂಚ್‌ಕೇಪ್ ಭಾರತಕ್ಕೆ ಬಂದರು. ಬಂದಿದ್ದು ಸರ್ಕಾರದ ಖರ್ಚು ಕಡಿತ ಸಮಿತಿಯ ಅಧ್ಯಕ್ಷರಾಗಿ! ಬಿಡುವಿನಲ್ಲಿ ಸಿಂಧಿಯಾವನ್ನೇ ಕೊಂಡುಕೊಳ್ಳುವ ಪ್ರಸ್ತಾಪ ಇಟ್ಟರು. ಸರ್ಕಾರಕ್ಕೆ ಸಲಹೆ ಕೊಡುವವನೂ ಅವನೇ, ಎದುರಾಳಿಯನ್ನು ನುಂಗಲು ಬಂದವನೂ ಅವನೇ. ವಾಲ್‌ಚಂದ್ ಮತ್ತು ನರೋತ್ತಮ್ ಮಾರಲು ಒಪ್ಪಲಿಲ್ಲ.

ಆದರೆ ಹೋರಾಡುವಷ್ಟು ಹಣವೂ ಉಳಿದಿರಲಿಲ್ಲ. 1923ರಲ್ಲಿ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಬಿತ್ತು. ಸಿಂಧಿಯಾದ ಒಟ್ಟು ಹಡಗುಗಳು 75,000 ಟನ್ ಮೀರಬಾರದು. ಭಾರತ, ಬರ್ಮಾ, ಸಿಲೋನ್ ಕರಾವಳಿಯ ಸರಕು ಮಾತ್ರ, ಪ್ರಯಾಣಿಕರನ್ನು ಮುಟ್ಟುವಂತಿಲ್ಲ, ದೂರದ ಸಮುದ್ರಕ್ಕೆ ಹೋಗುವಂತಿಲ್ಲ. ಬದಲಿಗೆ ಬಿಐ ದರ ಸಮರ ನಿಲ್ಲಿಸುತ್ತೆ. ವಾಲ್‌ಚಂದ್ ಇದನ್ನು ಆಮೇಲೆ ಗುಲಾಮಗಿರಿಯ ಪತ್ರ ಅಂತಲೇ ಕಂಡರು. ಸಹಿ ಹಾಕಿದ್ದು ತಪ್ಪೇ? ಹಾಕದಿದ್ದರೆ ಚಿದಂಬರಂ ಪಿಳ್ಳೈಯವರ ಕಂಪನಿಯ ಪಕ್ಕದಲ್ಲಿ ಇನ್ನೊಂದು ಗೋರಿ ಏಳುತ್ತಿತ್ತು. ಕೈಕಟ್ಟಿಸಿಕೊಂಡಾದರೂ ಬದುಕಿ ಉಳಿಯೋದನ್ನು ಅವರು ಆಯ್ದುಕೊಂಡರು. ನನ್ನ ಪ್ರಕಾರ ಅವರ ಬದುಕಿನ ಅತಿ ಕಷ್ಟದ ನಿರ್ಧಾರ ಇದೇ, ಅತಿ ಕಡಿಮೆ ಚರ್ಚೆಯಾಗಿದ್ದೂ ಇದೇ.

ಮಾರುಕಟ್ಟೆಯಲ್ಲಿ ಗೆಲ್ಲಲಾಗದ್ದನ್ನು ಕಾನೂನಿನಲ್ಲಿ ಗೆಲ್ಲಬೇಕು ಅಂತ ಅವರು ತಿರುಗಿದ್ದು ಇಲ್ಲಿಂದ. ಸಿಂಧಿಯಾದಲ್ಲಿ ಕೆಲಸ ಮಾಡಿದ್ದ ಸಾರಾಭಾಯಿ ಹಾಜಿ 1928ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಒಂದು ಮಸೂದೆ ತಂದರು. ಭಾರತದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಹೋಗುವ ಸರಕು ಭಾರತೀಯ ಹಡಗುಗಳಿಗೇ ಮೀಸಲಾಗಬೇಕು ಅನ್ನೋದು ಅದರ ತಿರುಳು. ಸ್ವತಂತ್ರ ದೇಶಗಳಲ್ಲಿ ಇಂಥ ಕಾನೂನು ಆಗಲೇ ಮಾಮೂಲಾಗಿತ್ತು. ಗಾಂಧಿ ಬೆಂಬಲಿಸಿ ಬರೆದರು. ಯುರೋಪಿಯನ್ ವ್ಯಾಪಾರಿಗಳು ಹೌಹಾರಿದರು. ಮಸೂದೆ ಕಾನೂನಾಗಲಿಲ್ಲ. 1929ರಲ್ಲಿ ನರೋತ್ತಮ್ ಅಪಘಾತದಲ್ಲಿ ತೀರಿಕೊಂಡ ಮೇಲೆ ವಾಲ್‌ಚಂದ್ ಕಂಪನಿಯ ಅಧ್ಯಕ್ಷರಾದರು, 1950ರವರೆಗೂ ಇದ್ದರು.

ನಮ್ಮ ಕರಾವಳಿಯ ಹಿರಿಯರಿಗೆ ಇದು ದೂರದ ಕಥೆಯಲ್ಲ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಮುಂಬೈಗೆ ಹೋಗಲು ಹಬೆ ಹಡಗೇ ದಾರಿಯಾಗಿದ್ದ ಕಾಲ ಅದು. ಘಟ್ಟ ಹತ್ತಿ ಇಳಿದು ರೈಲು ಹಿಡಿಯೋದಕ್ಕಿಂತ ಮಂಗಳೂರಿನಲ್ಲೋ ಕಾರವಾರದಲ್ಲೋ ಹಡಗು ಹತ್ತೋದು ಸಲೀಸು. ಹೋಟೆಲ್ ಕೆಲಸಕ್ಕೆ ಮುಂಬೈಗೆ ಓಡಿಹೋದ ಎಷ್ಟೋ ಹುಡುಗರ ಮೊದಲ ಪ್ರಯಾಣ ಡೆಕ್ಕಿನ ಮೇಲಿನದು. ಕೊಂಕಣ ತೀರದಲ್ಲಿ ಜನರನ್ನು ಒಯ್ಯುತ್ತಿದ್ದ ಬಾಂಬೆ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು 1930ರ ದಶಕದ ಕೊನೆಗೆ ಸಿಂಧಿಯಾ ತನ್ನದಾಗಿಸಿಕೊಂಡಿತು. ಪ್ರಯಾಣಿಕರನ್ನು ಮುಟ್ಟಬಾರದು ಅನ್ನಿಸಿಕೊಂಡಿದ್ದ ಕಂಪನಿ ಕೊನೆಗೂ ಜನರನ್ನು ಹತ್ತಿಸಿಕೊಂಡಿತು.

ದೊಮ್ಮಲೂರಿನ ಆಚೆ 700 ಎಕರೆ

ಇನ್ನು ನಮ್ಮ ಬೆಂಗಳೂರಿನ ಭಾಗ. 1939ರ ಕೊನೆಯಲ್ಲಿ ವಾಲ್‌ಚಂದ್ ಅಮೆರಿಕದಿಂದ ಪೆಸಿಫಿಕ್ ದಾಟುವ ವಿಮಾನದಲ್ಲಿ ಬರುತ್ತಿದ್ದರು. ಅಮೆರಿಕಕ್ಕೆ ಹೋಗಿದ್ದು ಕಾರು ಕಾರ್ಖಾನೆಯ ಮಾತುಕತೆಗೆ. ವಿಮಾನದಲ್ಲಿ ವಿಲಿಯಂ ಪಾಲಿ ಸಿಕ್ಕರು. ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕನ್. ಚೀನಾದಲ್ಲಿ ಆಗೋದಾದರೆ ಭಾರತದಲ್ಲಿ ಯಾಕಾಗಲ್ಲ ಅನ್ನೋದು ವಾಲ್‌ಚಂದರ ಲೆಕ್ಕ. ಬ್ರಿಟಿಷ್ ಸರ್ಕಾರ ಮೊದಲು ತಲೆ ಹಾಕಲಿಲ್ಲ. 1940ರಲ್ಲಿ ಫ್ರಾನ್ಸ್ ಬಿದ್ದು, ಬ್ರಿಟನ್ನಿನ ಮೇಲೆ ಬಾಂಬು ಬೀಳಲು ಶುರುವಾದ ಮೇಲೆ ಕಿವಿ ತೆರೆಯಿತು.

ಕಾರ್ಖಾನೆ ಎಲ್ಲಿ ಅನ್ನುವ ಪ್ರಶ್ನೆಗೆ ಮೈಸೂರು ಸಂಸ್ಥಾನ ಉತ್ತರ ಕೊಟ್ಟಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ದೊಮ್ಮಲೂರಿನ ಆಚೆ 700 ಎಕರೆ ಜಾಗ ಕೊಟ್ಟರು, ಜೊತೆಗೆ 25 ಲಕ್ಷ ರೂಪಾಯಿ ಬಂಡವಾಳ. ಶಿವನಸಮುದ್ರದ ವಿದ್ಯುತ್ ಇತ್ತು, ಭದ್ರಾವತಿಯ ಕಬ್ಬಿಣ ಇತ್ತು, ಟಾಟಾ ಇನ್‌ಸ್ಟಿಟ್ಯೂಟ್ ಇತ್ತು, ಹವೆ ಒಣಗಿತ್ತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮುಂದಿನ ವರ್ಷ ಕೇಂದ್ರ ಸರ್ಕಾರವೂ 25 ಲಕ್ಷ ಹಾಕಿ ಮೂರನೇ ಪಾಲುದಾರನಾಯಿತು. 1941ರ ಮಧ್ಯಭಾಗಕ್ಕೆ ಅಮೆರಿಕದ ಬಿಡಿಭಾಗಗಳಿಂದ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಇಲ್ಲಿಂದ ಹಾರಿತು. ನೋಂದಣಿಯಾಗಿ ವರ್ಷ ತುಂಬಿರಲಿಲ್ಲ. ಬಿಡಿಎಯಲ್ಲಿ ಒಂದು ಖಾತೆ ಬದಲಾವಣೆಗೆ ಓಡಾಡಿದವರಿಗೆ ಆ ವೇಗದ ಬೆಲೆ ಗೊತ್ತಾಗುತ್ತೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಖಾಸಗಿ ಸಾಹಸ ಅಂತ ಕರೆಯುವ ಈ ಕಾರ್ಖಾನೆಯ ಜಮೀನು ಮೈಸೂರಿನ ಜನರದ್ದು, ಬಂಡವಾಳದ ದೊಡ್ಡ ಪಾಲು ಸಾರ್ವಜನಿಕರದ್ದು, ಗಿರಾಕಿ ಸರ್ಕಾರ. ಹಡಗಿನಲ್ಲಿ ಇಪ್ಪತ್ತು ವರ್ಷ ಸರ್ಕಾರದ ವಿರುದ್ಧ ನಿಂತು ಕಲಿತ ಪಾಠವನ್ನು ವಾಲ್‌ಚಂದ್ ವಿಮಾನದಲ್ಲಿ ತಿರುಗಿಸಿ ಬಳಸಿದರು. ಪಕ್ಕದಲ್ಲಿ ಒಂದು ಸರ್ಕಾರ ಇಲ್ಲದೆ ಇಂಥ ಉದ್ಯಮ ನಿಲ್ಲಲ್ಲ ಅನ್ನೋದು ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ದೆಹಲಿ ಸಿಗದಿದ್ದಾಗ ಮೈಸೂರನ್ನು ಹಿಡಿದರು.

ಮೈಸೂರಿಗೆ ದಕ್ಕದೇ ಹೋದದ್ದೂ ಒಂದಿದೆ. ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲಿ ಭಾರತೀಯ ಕಾರು ಕಾರ್ಖಾನೆಯ ಯೋಜನೆ ಹಿಡಿದು ಓಡಾಡಿದ್ದರು, ವಾಲ್‌ಚಂದ್ ಅದನ್ನು ಕೈಗೆತ್ತಿಕೊಂಡಿದ್ದರು, ಅದನ್ನು ಬೆಂಗಳೂರಿನಲ್ಲೇ ಕಟ್ಟುವ ಮಾತು ಬಹಳ ದೂರ ಬಂದಿತ್ತು. ದೆಹಲಿಯ ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಕೊನೆಗೆ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬೈನಲ್ಲಿ ಹುಟ್ಟಿತು. ನಮ್ಮ ಅಪ್ಪಂದಿರು ಪ್ರೀತಿಯಿಂದ ನೆನೆಯುವ ಪ್ರೀಮಿಯರ್ ಪದ್ಮಿನಿ ಬೆಂಗಳೂರಿನ ಕಾರಾಗಬಹುದಿತ್ತು.

ವಿಮಾನ ಕಾರ್ಖಾನೆಯೂ ಅವರ ಕೈಯಲ್ಲಿ ಉಳಿಯಲಿಲ್ಲ. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿಗರ ವಶವಾಯಿತು. ಏಪ್ರಿಲ್‌ನಲ್ಲಿ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಮೈಸೂರು ಷೇರು ಉಳಿಸಿಕೊಂಡು ಆಡಳಿತದಿಂದ ಹಿಂದೆ ಸರಿಯಿತು. ಮರುವರ್ಷ ಕಾರ್ಖಾನೆ ಅಮೆರಿಕನ್ ಸೇನೆಯ ರಿಪೇರಿ ಡಿಪೋ ಆಯಿತು. ಹದಿನಾರು ತಿಂಗಳ ಮಾಲೀಕತ್ವ, ಅಷ್ಟೇ. ಪರಿಹಾರದ ಹಣ ಬಂತು, ಕನಸು ಹೋಯಿತು.

ಆದರೆ ಕಾರ್ಖಾನೆ ಇಲ್ಲೇ ಉಳಿಯಿತು. ಅದರ ಸುತ್ತ ಕೈಕೆಲಸ ಬಲ್ಲ ಒಂದು ಪೀಳಿಗೆ ಬೆಳೆಯಿತು. ಯುದ್ಧ ಮುಗಿದ ಮೇಲೆ ಅಲ್ಲೇ ರೈಲು ಬೋಗಿ ಕಟ್ಟಿದರು, 1951ರಲ್ಲಿ ಎಚ್‌ಟಿ–2 ಅನ್ನುವ ನಮ್ಮದೇ ವಿನ್ಯಾಸದ ತರಬೇತಿ ವಿಮಾನ ಹಾರಿಸಿದರು. 1964ರಲ್ಲಿ ಅದು ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ರೈಲು ಬೋಗಿಯ ವಿಭಾಗ ಹೊಸದಾಗಿ ಹುಟ್ಟಿದ ಬಿಇಎಂಎಲ್ ಪಾಲಾಯಿತು. ಅದೇ ಬಿಇಎಂಎಲ್ ನಮ್ಮ ಮೆಟ್ರೊಗೂ ಬೋಗಿ ಕಟ್ಟಿಕೊಟ್ಟಿದೆ. ಬೆಳಿಗ್ಗೆ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗ ಹಿಡಿಯುವವರು, ಸೊಲ್ಲಾಪುರದ ಹಡಗಿನ ಸಾಹುಕಾರನಿಗೂ ತಾವು ಕೂತ ಸೀಟಿಗೂ ಇರುವ ಈ ದೂರದ ನಂಟನ್ನು ಒಮ್ಮೆ ನೆನೆಯಬಹುದು.

ಕಟ್ಟಿದ್ದು, ಬಿಟ್ಟುಕೊಟ್ಟಿದ್ದು

ವಿಶಾಖಪಟ್ಟಣದಲ್ಲೂ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು. ಹಡಗು ಓಡಿಸಿದರೆ ಸಾಲದು, ಕಟ್ಟಬೇಕು ಅಂತ ಹೊರಟ ವಾಲ್‌ಚಂದರಿಗೆ ಕಲ್ಕತ್ತಾದಲ್ಲಿ ಜಾಗ ದಕ್ಕಲಿಲ್ಲ. 1941ರ ಜೂನ್ 21ರಂದು ವಿಶಾಖಪಟ್ಟಣದಲ್ಲಿ ಬಾಬು ರಾಜೇಂದ್ರ ಪ್ರಸಾದ್ ಅಡಿಗಲ್ಲು ಇಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ ಜಪಾನಿ ವಿಮಾನಗಳು ಆ ಊರಿನ ಮೇಲೆ ಬಾಂಬು ಹಾಕಿದವು. ಯುದ್ಧಕ್ಕೆ ಹಡಗು ಬೇಕು ಅಂತ ಬಾಯಿಬಡಿದುಕೊಳ್ಳುತ್ತಿದ್ದ ಸರ್ಕಾರವೇ ಈ ಕಟ್ಟೆಗೆ ಬೇಕಾದ ಸಾಮಗ್ರಿ ಕೊಡಲು ಮೀನಮೇಷ ಎಣಿಸಿತು. 1948ರ ಮಾರ್ಚ್ 14ರಂದು, ಸ್ವಾತಂತ್ರ್ಯ ಬಂದ ಮೇಲೆ, 8,000 ಟನ್ನಿನ ಜಲಉಷಾ ನೀರಿಗಿಳಿಯಿತು. ನೆಹರೂ ಬಂದಿದ್ದರು.

ಆ ಸಂಭ್ರಮದ ನಾಲ್ಕು ವರ್ಷಕ್ಕೆ, 1952ರಲ್ಲಿ, ಹಡಗುಕಟ್ಟೆಯ ಮೂರನೇ ಎರಡು ಪಾಲು ಕೇಂದ್ರ ಸರ್ಕಾರದ್ದಾಗಿ ಹಿಂದೂಸ್ತಾನ್ ಶಿಪ್‌ಯಾರ್ಡ್ ಹುಟ್ಟಿತು. ಈ ಸಲ ಕಸಿದುಕೊಂಡರು ಅನ್ನುವಂತಿಲ್ಲ. ಇಲ್ಲಿ ಕಟ್ಟಿದ ಹಡಗು ಬ್ರಿಟನ್ನಿನದ್ದಕ್ಕಿಂತ ದುಬಾರಿ, ಸರ್ಕಾರದ ಸಹಾಯಧನ ಇಲ್ಲದೆ ಯಾರೂ ಕೊಳ್ಳುವವರಿರಲಿಲ್ಲ. ಸಹಾಯ ಕೇಳಿದ ಮೇಲೆ ಮಾಲೀಕತ್ವ ಕೇಳಬಾರದು ಅನ್ನೋಕಾಗಲ್ಲ. ಸ್ವದೇಶಿ ಉದ್ಯಮಿಗೆ ಸ್ವದೇಶಿ ಸರ್ಕಾರ ಬೇಕಿತ್ತು, ಅದು ಬಂದಾಗ ಉದ್ಯಮವನ್ನೇ ಕೇಳಿತು. ಸಿಂಧಿಯಾ ಒಡೆತನದ ಏರ್ ಸರ್ವಿಸಸ್ ಆಫ್ ಇಂಡಿಯಾ ಕೂಡ 1953ರ ರಾಷ್ಟ್ರೀಕರಣದಲ್ಲಿ ಇಂಡಿಯನ್ ಏರ್‌ಲೈನ್ಸ್ ಒಳಗೆ ಕರಗಿತು.

ಅಷ್ಟೊತ್ತಿಗೆ ವಾಲ್‌ಚಂದ್ ಇರಲಿಲ್ಲ. 1949ರಲ್ಲಿ ಪಾರ್ಶ್ವವಾಯು ಹೊಡೆದಿತ್ತು. ಮರುವರ್ಷ ಎಲ್ಲ ಹುದ್ದೆ ಬಿಟ್ಟರು. ಹೆಂಡತಿ ಕಸ್ತೂರಬಾಯಿ ನೋಡಿಕೊಂಡರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಕಣ್ಣುಮುಚ್ಚಿದರು. ಲಾಯಲ್ಟಿ ಹೊರಟ ತಾರೀಖಿಗೆ ಮೂರು ದಿನ ಆಚೆ. ಕರಾವಳಿಯ ಸರಕು ಭಾರತೀಯ ಹಡಗುಗಳಿಗೇ ಮೀಸಲು ಅನ್ನುವ ನೀತಿ ಆ ವರ್ಷಗಳಲ್ಲೇ ಜಾರಿಗೆ ಬಂದಿತ್ತು. ಮೂವತ್ತು ವರ್ಷದ ಹೋರಾಟದ ಫಲ ಹಾಸಿಗೆ ಹಿಡಿದ ಮೇಲೆ ಸಿಕ್ಕಿತು.

ಸಿಂಧಿಯಾ ಕಂಪನಿ ಅವರ ನಂತರವೂ ದಶಕಗಳ ಕಾಲ ಓಡಿತು. ನರೋತ್ತಮರ ಸೊಸೆ ಸುಮತಿ ಮೊರಾರ್ಜಿ ಚುಕ್ಕಾಣಿ ಹಿಡಿದರು. ಹಡಗುಗಳಿಗೆಲ್ಲ ಜಲ ಅಂತ ಶುರುವಾಗುವ ಹೆಸರು. ಇಸ್ಕಾನ್ ಕಟ್ಟಿದ ಪ್ರಭುಪಾದರು 1965ರಲ್ಲಿ ಕಲ್ಕತ್ತಾದಿಂದ ಅಮೆರಿಕಕ್ಕೆ ಹೋಗಿದ್ದು ಇದೇ ಕಂಪನಿಯ ಜಲದೂತ ಹಡಗಿನಲ್ಲಿ, ಸುಮತಿಯವರು ಕೊಟ್ಟ ಪುಕ್ಕಟೆ ಟಿಕೆಟ್ಟಿನಲ್ಲಿ. ಆಮೇಲೆ ಪ್ರಪಂಚ ಕಂಟೇನರ್‌ಗೆ ತಿರುಗಿತು, ಕಂಪನಿ ಸಾಲಕ್ಕೆ ಸಿಕ್ಕಿತು, ಕಳೆದ ಶತಮಾನ ಮುಗಿಯುವಷ್ಟರಲ್ಲಿ ಹಡಗುಗಳೇ ಇಲ್ಲವಾದವು. ಮೀಸಲು ನೀತಿ ಒಂದೇ ಯಾರನ್ನೂ ಉಳಿಸಲ್ಲ ಅನ್ನೋದಕ್ಕೆ ಇದೂ ಸಾಕ್ಷಿ. ರಕ್ಷಣೆ ಕಾಲೂರಲು ಸಮಯ ಕೊಡುತ್ತೆ, ನಡೆಯೋದನ್ನು ಕಲಿಸಲ್ಲ.

ಒಣ ಬಂದರಿನ ಎದುರು

ವೈಟ್‌ಫೀಲ್ಡ್‌ನ ರೈಲು ಹಳಿಯ ಪಕ್ಕ ಒಂದು ಒಣ ಬಂದರಿದೆ, ಕಂಟೇನರ್ ಕಾರ್ಪೊರೇಷನ್ನಿನ ಡಿಪೋ. ಪೀಣ್ಯದ ಬಿಡಿಭಾಗ, ಬೊಮ್ಮಸಂದ್ರದ ಯಂತ್ರ, ಸಿದ್ಧ ಉಡುಪು ಅಲ್ಲಿ ಸುಂಕದ ತಪಾಸಣೆ ಮುಗಿಸಿ ರೈಲಿನಲ್ಲಿ ಬಂದರಿಗೆ ಹೋಗುತ್ತೆ. ಆ ದಾರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಕಂಟೇನರ್‌ಗಳ ಮೇಲಿನ ಹೆಸರು ಓದೋದು ನನ್ನ ಅಭ್ಯಾಸ. ಮೇರ್ಸ್ಕ್, ಎಂಎಸ್‌ಸಿ, ಹಪಾಗ್ ಲಾಯ್ಡ್, ಎವರ್‌ಗ್ರೀನ್. ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್, ಜರ್ಮನಿ, ತೈವಾನ್. ಸಮುದ್ರವೇ ಇಲ್ಲದ ಸ್ವಿಟ್ಜರ್ಲೆಂಡಿಗೆ ಹಡಗು ಕಂಪನಿ ಇದೆ. ಏಳು ಸಾವಿರ ಕಿಲೋಮೀಟರ್‌ಗೂ ಹೆಚ್ಚು ಕರಾವಳಿ ಇರುವ ನಮ್ಮ ವಿದೇಶ ವ್ಯಾಪಾರದ ಸರಕಿನಲ್ಲಿ ಭಾರತದ ಬಾವುಟದ ಹಡಗು ಹೊರೋದು ಹತ್ತರಲ್ಲಿ ಒಂದು ಪಾಲೂ ಅಲ್ಲ.

ಇದರ ಅರ್ಥ ಏನು ಅಂತ 2021ರಲ್ಲಿ ಗೊತ್ತಾಯಿತು. ಕೋವಿಡ್ ನಡುವೆ ಕಂಟೇನರ್ ಬಾಡಿಗೆ ಕೆಲವು ಮಾರ್ಗಗಳಲ್ಲಿ ಹಲವು ಪಟ್ಟು ಏರಿತು. ಆಗ ಪೀಣ್ಯದಲ್ಲಿ ಒಬ್ಬ ಸಣ್ಣ ಕಾರ್ಖಾನೆ ಮಾಲೀಕರನ್ನು ಭೇಟಿಯಾಗಿದ್ದೆ. ಸರಕು ಪ್ಯಾಕ್ ಆಗಿ ಶೆಡ್ಡಿನಲ್ಲಿ ಕೂತಿತ್ತು, ಕಂಟೇನರ್ ಇರಲಿಲ್ಲ. ಸಿಕ್ಕರೂ ಬಾಡಿಗೆ ಕೊಟ್ಟ ಮೇಲೆ ಉಳಿಯೋದು ಏನೂ ಇಲ್ಲ ಅಂತ ಲೆಕ್ಕದ ಪುಸ್ತಕ ತೋರಿಸಿದರು. ಆ ಬಾಡಿಗೆಯನ್ನು ನಿರ್ಧರಿಸಿದವರು ಯಾರು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. 1919ರಲ್ಲಿ ಮುಂಬೈನ ಹತ್ತಿ ವ್ಯಾಪಾರಿ ನಿಂತಿದ್ದ ಜಾಗದಲ್ಲೇ ಅವರು ನಿಂತಿದ್ದರು.

ಕೇಂದ್ರ ಸರ್ಕಾರ 2018ರಲ್ಲಿ ಕರಾವಳಿ ಮೀಸಲನ್ನು ಸಡಿಲಿಸಿ, ಆಮದು–ರಫ್ತಿನ ಕಂಟೇನರ್‌ಗಳನ್ನು ನಮ್ಮ ಬಂದರುಗಳ ನಡುವೆ ಸಾಗಿಸಲು ವಿದೇಶಿ ಹಡಗುಗಳಿಗೂ ಅವಕಾಶ ಕೊಟ್ಟಿತು. 2025ರಲ್ಲಿ ಕರಾವಳಿ ಹಡಗು ಸಾಗಣೆಗೆ ಹೊಸ ಕಾಯ್ದೆಯೂ ಬಂತು. ಪೈಪೋಟಿ ಇದ್ದರೆ ಬಾಡಿಗೆ ಇಳಿಯುತ್ತೆ ಅನ್ನುವ ವಾದದಲ್ಲಿ ಸತ್ಯ ಇದೆ, ಪೀಣ್ಯದವರಿಗೆ ಇವತ್ತು ಬೇಕಿರೋದು ಕಡಿಮೆ ಬಾಡಿಗೆಯೇ. ಆದರೆ ವಾಲ್‌ಚಂದರ ಬದುಕು ಇನ್ನೊಂದು ಪ್ರಶ್ನೆ ಉಳಿಸುತ್ತೆ. ಎದುರಾಳಿ ಸತ್ತ ಮೇಲೆ ಇಳಿದ ದರ ಎಷ್ಟು ದಿನ ಇಳಿದೇ ಇರುತ್ತೆ? ತೂತ್ತುಕುಡಿಯ ಪ್ರಯಾಣಿಕನಿಗೆ ಪುಕ್ಕಟೆ ಛತ್ರಿ ಸಿಕ್ಕಿದ್ದು ಸ್ವದೇಶಿ ಕಂಪನಿ ಬದುಕಿರುವವರೆಗೆ ಮಾತ್ರ.

ವಾಲ್‌ಚಂದ್ ಸಂತರೇನಲ್ಲ. ದೇಶಪ್ರೇಮಕ್ಕೂ ಲಾಭಕ್ಕೂ ನಡುವೆ ಗೆರೆ ಎಲ್ಲಿದೆ ಅಂತ ಅವರ ಕಾಲದವರೂ ಕೇಳಿದ್ದಾರೆ. ಯಜಮಾನರ ವಿರುದ್ಧ ಎದ್ದ ಕಂಪನಿ ಒಪ್ಪಂದದ ನಂತರ ಯಜಮಾನರ ಮೇಜಿನಲ್ಲೇ ಕೂತಿತು, ಹೊರಗುಳಿದ ಚಿಕ್ಕ ಕಂಪನಿಗಳಿಗೆ ಅದೂ ದೊಡ್ಡಣ್ಣನಂತೆಯೇ ಕಂಡಿತು. ಅದನ್ನೂ ಸೇರಿಸಿಯೇ ಅವರನ್ನು ಓದಬೇಕು.

ನಾನು ಕೋಡ್ ಬರೆದ ಆ ದ್ವೀಪದ ಕಂಪನಿ ಈಗಲೂ ಓಡುತ್ತಿದೆಯೋ ಏನೋ. ಅಲ್ಲಿನ ಒಂದು ವಿವರ ಮಾತ್ರ ಇನ್ನೂ ತಲೆಯಲ್ಲಿದೆ. ಅವರ ಪಟ್ಟಿಯಲ್ಲಿ ನಷ್ಟದ ಒಂದು ಮಾರ್ಗವಿತ್ತು, ವಾರಕ್ಕೆ ಒಂದೇ ಹಡಗು, ಹೆಚ್ಚು ಜನ ಇರದ ದ್ವೀಪಕ್ಕೆ. ಅದನ್ನು ತೆಗೆದುಬಿಡಿ, ಸಿಸ್ಟಂ ಸರಳವಾಗುತ್ತೆ ಅಂತ ನಮ್ಮ ಟೀಮು ಸಲಹೆ ಕೊಟ್ಟಿತ್ತು. ಅವರು ತೆಗೆಯಲಿಲ್ಲ. ಹಡಗು ಅವರದ್ದಾಗಿತ್ತು, ದ್ವೀಪವೂ ಅವರದ್ದಾಗಿತ್ತು. ನಾವು ಬೆಂಗಳೂರಿನಲ್ಲಿ ಕೂತು ಬರೀ ಲೆಕ್ಕ ನೋಡುತ್ತಿದ್ದೆವು.